ಏನೆಂದು ಕರೆಯಲಿ?

ಕುಲಗೋಡ
೧೫ ಜನವರಿ ೨೦೨೫

ಮನೆಯವರಿಗೆ ಶೋಭಾ ಮಾಡುವ ಶರಣು.

ಮೊಣಕಾಲು ನೋವು ಹೇಗಿದೆ? ಆ ಹಿಮದಲ್ಲಿ ಕಾವಲು ನಿಲ್ಲುವಾಗ ನಾನು ಕಳಿಸಿದ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲಾ ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದೀರೋ? ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ" ಅನ್ನುವಷ್ಟರಲ್ಲಿ ನಿಮ್ಮ ದನಿ ಕಡಿದುಹೋಗುತ್ತದೆ, ಅದಕ್ಕೇ ಈ ಕಾಗದ. ಎಮ್ಮೆ ಕರು ಹಾಕಿದೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತ ಕೂತವಳು, ತಿನ್ನುವವಳು ನಾನೊಬ್ಬಳೇ ಅನ್ನುವುದನ್ನು ಮರೆತು ಬುಟ್ಟಿ ತುಂಬಿಸಿಬಿಟ್ಟೆ. ಯುಗಾದಿಗೆ ನಿಮ್ಮ ನೌಕರಿ ಮುಗಿಯುತ್ತದಲ್ಲ, ಆಮೇಲೆ ಬುಟ್ಟಿ ಉಳಿಯುವುದಿಲ್ಲ ಎಂದು ಎಮ್ಮೆಗೆ ಹೇಳಿ, ಮಿಕ್ಕಿದ್ದನ್ನು ಅದಕ್ಕೇ ಹಾಕಿದೆ.

ನೀವು ಹೋದ ರಜೆಗೆ ತಂದಿಟ್ಟ ಹಳೆಯ ಲ್ಯಾಪ್‌ಟಾಪ್ ಮುನಿಸಿಕೊಂಡು ಕೂತಿತ್ತು. ಹೋದ ವಾರ ನಿಮ್ಮ ತಂಗಿ ಮಯೂರಿ ಹುಕ್ಕೇರಿಯಿಂದ ಬಂದು, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದರೆ ಸರಿಯಾಗುತ್ತದೆ ಎಂದಳು. ಸಾಲೆಯಲ್ಲಿ ಕಲಿಸಿ ಉಳಿದ ವೇಳೆಯಲ್ಲಿ ಅವಳೂ ಅವಳ ಗೆಳತಿಯರೂ ಇದೇ ಕೆಲಸ ಮಾಡುತ್ತಾರಂತೆ: ಸಿಸ್ಟಂ ಹಾಕುವಾಗ ಪರದೆಯ ಮೇಲೆ ಬರುವ ಪ್ರಶ್ನೆಗಳನ್ನು ನನ್ನಂಥವರಿಗೂ ತಿಳಿಯುವ ಕನ್ನಡಕ್ಕೆ ತರುವುದು. "ವೈನಿ, ನಾ ಏನೂ ಹೇಳಿಕೊಡಂಗಿಲ್ಲ, ನೀವ ಮಾಡ್ರಿ. ಎಲ್ಲಿ ಅಂಜಿಕಿ ಬರತೈತಿ ಅಲ್ಲಿ ಹೇಳ್ರಿ, ಆ ಮಾತ ನಾವು ಬದಲ ಮಾಡತೀವಿ" ಎಂದು ನನ್ನನ್ನೇ ಮುಂದೆ ಕೂಡಿಸಿದಳು. ಅಂಜಿಕೆಗೇನು ಬರ! "ಡಿಸ್ಕ್ ಅಳಿಸಿ ಮುಂದುವರಿಯಿರಿ" ಎಂದು ಬಂದದ್ದೇ ತಡ, ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಾವಿಬ್ಬರೂ ನಿಂತ ಫೋಟೋ ನೆನಪಾಗಿ ಮುಚ್ಚಳ ಬಡಿದುಬಿಟ್ಟೆ. ಫೋಟೋಗಳನ್ನೆಲ್ಲ ಅವಳು ಮೊದಲೇ ಪೆನ್‌ಡ್ರೈವಿಗೆ ಎತ್ತಿಟ್ಟಿದ್ದಳು. ಆದರೂ ಅಲ್ಲೇ ಕೂತು ತನ್ನ ವಹಿಯಲ್ಲಿ ಆ ಮಾತು ತಿದ್ದಿ ಬರೆದುಕೊಂಡಳು: "ಇದರಲ್ಲಿರುವ ಫೋಟೋ, ಹಾಡು ಎಲ್ಲ ಹೋಗುತ್ತವೆ. ಬೇರೆ ಕಡೆ ಎತ್ತಿಟ್ಟುಕೊಂಡಿದ್ದೀರಾ? ಬೇಡವೆನಿಸಿದರೆ ಹಿಂದಕ್ಕೆ ಹೋಗಬಹುದು." ಇಷ್ಟು ಹೇಳಿದರೆ ಯಾರಿಗೆ ತಾನೇ ಭಯ?

ಮುಂದೆ ಬಂದದ್ದು ಒಂದೇ ಸಾಲು, "ಬಳಕೆದಾರರ ಹೆಸರು". ಲ್ಯಾಪ್‌ಟಾಪ್ ನಿಮ್ಮದು, ಹೆಸರು ನಿಮ್ಮದೇ ಬೇಕಲ್ಲ! ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ನಿಮ್ಮ ಕಾಗದಕ್ಕೆ ವಿಳಾಸ ಬರೆಯುವವನೂ ಅಂಚೆಯ ಪರಪ್ಪನೇ. ಕೈ ಮಡಿಚಿಕೊಂಡು ಕೂತೆ. "ಯಾಕ್ರಿ, ಮಷಿನ್ ನಿಂತತೇನ?" ಎಂದು ಮಯೂರಿ ಇಣುಕಿದಳು. ಮಷಿನ್ ಅಲ್ಲ, ನಾನೇ ನಿಂತಿದ್ದೆ. ತಿಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ತಪ್ಪ ನಿಮ್ಮದಲ್ಲರಿ ವೈನಿ, ನಾವು ಕೇಳಿದ್ದ ಬರೋಬ್ಬರಿ ಇಲ್ಲ" ಎಂದು ಪ್ರಶ್ನೆಯನ್ನೇ ಬದಲಿಸಿದಳು: "ಈ ಕಂಪ್ಯೂಟರ್ ನಿಮ್ಮನ್ನು ಏನೆಂದು ಕರೆಯಲಿ?"

ಶೋಭಾ ಎಂದು ಒತ್ತಿದೆ. ಈಗ ದಿನಾ ಬೆಳಿಗ್ಗೆ ತೆರೆದರೆ "ಬನ್ನಿ ಶೋಭಾ" ಎಂದು ಬರುತ್ತದೆ. ಊರಿಗೆಲ್ಲ ನಾನು ಮಿಲಿಟರಿಯವರ ಹೆಂಡತಿ. ಅತ್ತೆ ಹೋದ ಮೇಲೆ ಈ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕೆಲಸವಿಲ್ಲದಿದ್ದರೂ ಅದನ್ನು ಮುಚ್ಚಿ ಮತ್ತೆ ತೆರೆಯುತ್ತೇನೆ. ಹುಚ್ಚಿ ಅನ್ನಬೇಡಿ.

ಚಳಿಗೆ ಮೈ ಜೋಪಾನ. ಬಸವಣ್ಣ ನಿಮ್ಮ ಬೆನ್ನಿಗಿರಲಿ. ಜೊತೆಯ ಜವಾನರಿಗೂ ನನ್ನ ಶರಣು ಹೇಳಿ.

ನಿಮ್ಮ
ಶೋಭಾ

ತಾ.ಕ.: ಪರಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಂಕ್ರಾಂತಿಯ ಎಳ್ಳು ಕೊಡಲು ಇವತ್ತು ಮತ್ತೆ ಬಂದಿದ್ದ ಮಯೂರಿ ಈಗಷ್ಟೇ ಬಸ್ಸು ಹತ್ತುವಾಗ ಬಾಯಿ ತಪ್ಪಿ ಅಂದಳು, "ಅಣ್ಣ ಇನ್ನೂ ಎರಡ ವರ್ಷ ಅಲ್ಲೇ ಇರತೇನಿ ಅಂತ ಬರದ ಕೊಡಾಂವ ಅದಾನ, ನಿಮಗ ಹೇಳಿಲ್ಲೇನ್ರಿ?" ಇಲ್ಲ, ಹೇಳಿಲ್ಲ. ನಾಲ್ಕು ಫೋಟೋ ಅಳಿಸುವ ಮುಂಚೆ ಆ ಯಂತ್ರ ನನ್ನನ್ನು ಕೇಳಿತು. ನೀವು ಕೇಳಲಿಲ್ಲ. ಸಿಟ್ಟು ಬಂದಿದೆ, ಸಿಟ್ಟಿಗಿಂತ ಹೆಚ್ಚು ಅಳು ಬರುತ್ತಿದೆ. ಸಹಿ ಹಾಕಿರದಿದ್ದರೆ ಇನ್ನೂ ಹಿಂದಕ್ಕೆ ಬರಬಹುದು. ಇವತ್ತು ವಿಳಾಸ ನಾನೇ ಬರೆದಿದ್ದೇನೆ, ಪರಪ್ಪ ಬಾಯಿ ತೆರೆದು ನೋಡುತ್ತಿದ್ದಾನೆ. ನೋಡಲಿ. ಬಸವಲಿಂಗ, ಮನೀಗೆ ಬರ್ರಿ.