ಚಪ್ಪಲಿ ಸಿಕ್ಕಿಕೊಂಡಿತಂತೆ

ಅಪ್ಪಾ,

ನೀನು ಹೋದ ಮೇಲೂ ನಿನಗೇ ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ಇಳಿಜಾರಿನಲ್ಲಿ ಹೊಸ ಕಾರಿನ ಬ್ರೇಕ್ ಹಿಡಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ನಿನ್ನ ಮೊಮ್ಮಗಳಿದ್ದಳು. ಮರಳಿನ ರಾಶಿಗೆ ನುಗ್ಗಿಸಿ ನಿಲ್ಲಿಸಿದೆ.

ಇವತ್ತು ಶೋರೂಮಿನ ಮ್ಯಾನೇಜರ್, "ಪೆಡಲ್ ಕೆಳಗೆ ನಿಮ್ಮ ಚಪ್ಪಲಿ ಸಿಕ್ಕಾಕೊಂಡಿರತ್ತೆ ಮೇಡಂ, ಗಾಡಿ ತಪ್ಪಲ್ಲ," ಎಂದು ಹಲ್ಲುಕಿರಿದ.

"ನಾನು ಓಡ್ಸೋದು ಬರಿಗಾಲಲ್ಲಿ. ಕಾರು ನಿಮ್ಮ ಶೆಡ್ಡಲ್ಲೇ ಇದೆ. ನಿನ್ನೆಯ ಚಪ್ಪಲಿ ಇನ್ನೂ ಪಕ್ಕದ ಸೀಟಿನ ಕೆಳಗೆ ಬಿದ್ದಿದೆ, ಹೋಗಿ ನೋಡಿ."

"ಯಾರ್ರೀ ಬರಿಗಾಲಲ್ಲಿ ಓಡಿಸ್ತಾರೆ?"

"ನಮ್ಮಪ್ಪನ ಮಗಳು," ಎಂದೆ.

ನೋಡಿ ಬಂದವನು ಸರ್ವಿಸ್ ಫೈಲು ತಿರುವತೊಡಗಿದ. ತಪ್ಪು ತಮ್ಮದೆಂದು ಒಪ್ಪುವ ತನಕ ನಾನು ಕುರ್ಚಿ ಬಿಟ್ಟೇಳುವವಳಲ್ಲ. ಇದನ್ನೂ ಅವನೆದುರೇ ಕೂತು ಬರೆಯುತ್ತಿದ್ದೇನೆ.

"ಪೆಡಲ್ಲು ಪಾದಕ್ಕೆ ಗೊತ್ತಾಗ್ಬೇಕು ಕಣೇ" ಎಂದು ಕಾರು ಕಲಿಸುವಾಗ ನೀನು ಚಪ್ಪಲಿ ಬಿಡಿಸಿದಾಗಲೆಲ್ಲ ನಾನು ರೇಗುತ್ತಿದ್ದೆ. ಆಮೇಲೆ ಒಂದು ದಿನವೂ ಹಾಕಿಕೊಂಡು ಓಡಿಸಲಿಲ್ಲ ಅಪ್ಪಾ. ಅದೊಂದನ್ನು ನಿನಗೆ ಹೇಳಿರಲಿಲ್ಲ.