ತಡೆಹಿಡಿದ ಪುಟದ ತಳದಲ್ಲಿ

ಸೂಜಿಯಣ್ಣಾ,

ನಮ್ಮ ಹೊಲಿಗೆ ಮಿಷನ್ ರಿಪೇರಿಯ ಆನ್‌ಲೈನ್ ಫೋರಂ ನಾಳೆ ಮುಚ್ಚುತ್ತಿದೆ. ಎಲ್ಲರೂ ಫೋನಿನ ಗುಂಪುಗಳಿಗೆ ಹೋದರು. ಕಸ ಗುಡಿಸಲು ಉಳಿದವಳು ನಾನೊಬ್ಬಳೇ. ನೀವು ತೀರಿಕೊಂಡು ಎರಡು ವರ್ಷವಾಯಿತಂತೆ. ಆದರೂ ಹೇಳಬೇಕು.

ಬೆಳಿಗ್ಗೆ, ಮಾಡರೇಟರ್ ಆದ ನನ್ನ ಒಪ್ಪಿಗೆಗೆ ಕಾದಿದ್ದ ಪೋಸ್ಟ್‌ಗಳನ್ನು ಅಳಿಸಲು ಕೂತೆ. ಲಾಟರಿ, ತೂಕ ಇಳಿಸುವ ಮಾತ್ರೆಗಳ ಜಾಹೀರಾತು ರಾಶಿ ಬಿದ್ದಿತ್ತು. ಅದರ ತಳದಲ್ಲಿ ನಿಮ್ಮದೊಂದಿತ್ತು. ಆರು ವರ್ಷದ ಹಿಂದೆ, ಹೊಸಬಳೊಬ್ಬಳನ್ನು ಬೈದಿರೆಂದು ನಿಮ್ಮನ್ನು ಏಳು ದಿನ ಹೊರಗಿಟ್ಟಿದ್ದೆನಲ್ಲ, ಎಂಟನೇ ದಿನ ಬರೆದದ್ದು:

“ತಪ್ಪಾಯ್ತು ತಂಗಿ. ದಾರ ಕಿತ್ತುಹೋಗ್ತಿರೋದು ಸೂಜಿ ಹಿಂದುಮುಂದಾಗಿ ಹಾಕಿರೋದ್ರಿಂದ ಅಂತ ಆಯಮ್ಮನಿಗೆ ಹೇಳು. ನೀನೂ ಮುಖ ಊದಿಸ್ಕೋಬೇಡ.”

ಶಿಕ್ಷೆ ಮುಗಿಸಿ ಬಂದವರ ಮೊದಲ ಪೋಸ್ಟನ್ನು ತಡೆಹಿಡಿಯಬೇಕೆಂಬ ನಿಯಮ ಮಾಡಿದವಳು ನಾನೇ. ಹಾಗೆ ತಡೆದವು ಸೇರುವ ಪುಟವನ್ನು ತೆರೆದು ನೋಡಲು ಮರೆತವಳೂ ನಾನೇ. ನೀವು ಮುನಿಸಿಕೊಂಡು ಹೋದಿರಿ ಅಂದುಕೊಂಡೆ.

ಈಗ ಒಪ್ಪಿಗೆ ಕೊಟ್ಟೆ. ನಿಮ್ಮ ಮಾತು ತಾರೀಖಿನ ಪ್ರಕಾರ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತು. ಅದರ ಕೆಳಗೇ, ಮರುವಾರ ನಾನು ಬರೆದ ಸಾಲು: “ಹೋಗೋರು ಹೋಗ್ಲಿ. ಯಾರಿಗೋಸ್ಕರಾನೂ ಕಾಯೋಕಾಗಲ್ಲ.”

ನನ್ನ ಸಾಲನ್ನು ಅಳಿಸಬಹುದಿತ್ತು. ಅಳಿಸಲಿಲ್ಲ. ನೀವು ನೋಡಿ ಬಯ್ಯಲಿ ಎಂದು, ಸಂಜೆವರೆಗೂ ಪುಟ ತೆರೆದಿಟ್ಟುಕೊಂಡೇ ಕೂತಿದ್ದೆ.