ಬಾಗಿಲ ಹೊರಗಿನ ಚಪ್ಪಲಿ

ಅನು,

ನಿನ್ನ ಹೊಸ ವಿಳಾಸವನ್ನು ನಾನು ಯಾರನ್ನೂ ಕೇಳಿಲ್ಲ; ಈ ಕಾಗದ ಕಳಿಸುವುದಕ್ಕಲ್ಲ.

ಕೆ.ಆರ್. ನಗರದ ಸೆಂಟರಿನಲ್ಲಿ ನಾವಿಬ್ಬರೂ ಕಂಪ್ಯೂಟರ್ ಕಲಿಸುತ್ತಿದ್ದಾಗ, ಚಪ್ಪಲಿ ಒಳಗೆ ತಂದವರನ್ನು ನೀನು ಎಷ್ಟು ಬೈಯುತ್ತಿದ್ದೆ! ಆ ಕೆಲಸ ಬಿಟ್ಟಮೇಲೆ ಹುಣಸೂರಿನ ಈ ಸೆಂಟರು ನನಗೆ ಮೂರನೆಯದು. ಸೋಮವಾರದಿಂದ ಪಿರಿಯಾಪಟ್ಟಣದ ಸೆಂಟರು.

ಅಲ್ಲಿ ನಮ್ಮ ಹತ್ತಿರ ಕಲಿಯುತ್ತಿದ್ದ ಸಾಲಿಗ್ರಾಮದ ಹುಡುಗಿ ರಮ್ಯ ನೆನಪಿದ್ದಾಳಾ? ನಾನು ಹೋದಲ್ಲೆಲ್ಲ ಬಂದು ಸೇರುತ್ತಾಳೆ. ಬೇರೆ ಕಡೆ ಕಲಿತದ್ದು ಲೆಕ್ಕಕ್ಕಿಲ್ಲ ಎಂದು ಪ್ರತಿ ಸೆಂಟರಿನವರೂ ಅವಳನ್ನು ಮತ್ತೆ ಡಾಸ್‌ನ ಮೊದಲ ಪಾಠಕ್ಕೇ ಕೂರಿಸುತ್ತಾರೆ. ಇನ್ನೂ ಒಂದು ಸರ್ಟಿಫಿಕೇಟೂ ಕೈಗೆ ಬಂದಿಲ್ಲ.

ಇವತ್ತು ಅವಳ ತಾಯಿ ಕುಳ್ಳಮ್ಮ ಬರುವುದು ಕಿಟಕಿಯಿಂದ ಕಂಡಿತು. ಸರ್ಟಿಫಿಕೇಟು ಎಲ್ಲಿ ಎಂದು ಕೇಳುತ್ತಾರೆಂದು ಹೆದರಿ, ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ಎತ್ತಿಕೊಂಡು ಒಳಗೆ ಓಡಿದೆ.

"ಮಿಸ್ಸು ಇಲ್ವಾ? ಚಪ್ಲಿ ಕಾಣ್ತಿಲ್ಲ," ಎಂದು ಹೊರಗೆ ಆಫೀಸಿನ ಹುಡುಗಿಯನ್ನು ಕೇಳಿದರು. "ಪಿರಿಯಾಪಟ್ನಕ್ ಓಯ್ತಾರಂತಲ್ಲ, ನನ್ ಮಗ್ಳೂ ಅಲ್ಲಿಗೇ ಬತ್ತಾಳೆ ಅಂತ ಏಳ್ಬುಡವ್ವ. ಅವ್ರು ಕೈ ಬುಡಾಕಿಲ್ಲ."

ನಾನು ಮಾನಿಟರಿನ ಹಿಂದೆ ಕುಗ್ಗಿ ಕೂತಿದ್ದೆ. ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ರಮ್ಯ ಎಲ್ಲವನ್ನೂ ಕೇಳಿಸಿಕೊಂಡಳು. ಮೇಜಿನ ಕೆಳಗೆ ನನ್ನ ಚಪ್ಪಲಿಗೆ ಜಾಗವಾಗಲೆಂದು ಕಾಲು ಸರಿಸಿದಳು.